ಒಂದೇ ತಂಬಿಗೆಯ ಹಾಲು

ನಾನು ಚಿಕ್ಕವನಿದ್ದಾಗ, ಕುಸ್ತಿಯ ದಿನ ನಮ್ಮ ಮನೆಯಲ್ಲಿ ಹಾಲನ್ನೂ ನಂಬುತ್ತಿರಲಿಲ್ಲ. ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಹಳೇ ಹುಬ್ಬಳ್ಳಿಯ ಹೆಸರಾಂತ ಪೈಲ್ವಾನ. ಅವನ ಹಾಲು ಕಾಯುವವರೆಗೆ ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಮೊದಲ ಗುಟುಕು ನನಗೆ. ಕುಡಿದು ನಾನು ನೆಟ್ಟಗೆ ನಿಂತಿದ್ದರೆ ಮಾತ್ರ ಉಳಿದದ್ದು ಕಾಕಾನಿಗೆ.

"ಎದುರಿನವರು ಏನ್ ಬೆರೆಸ್ತಾರೋ ಯಾರಿಗ್ಗೊತ್ತು? ಹೊರಗ ನೀರು ಸೈತ ಕುಡೀಬ್ಯಾಡ" ಎಂದು ಅಪ್ಪ ಕಾಕಾನಿಗೆ ತಾಕೀತು ಮಾಡುತ್ತಿದ್ದ. ನನಗೇನಾದರೂ ಆದರೆ ಹೇಗೆ ಎಂದು ಯಾರೂ ಕೇಳಲಿಲ್ಲ. ಬೆಲ್ಲ ಹಾಕಿದ ಹಾಲು, ನಾನೂ ಕೇಳಲಿಲ್ಲ!

ಅರವತ್ತರ ದಶಕದ ಆ ಪೈಲ್ವಾನರನ್ನು ನೆನೆದರೆ ಈಗಲೂ ಮೂಗಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆತ ಗರಡಿಯ ಕೆಂಪು ಮಣ್ಣಿನ ವಾಸನೆ ಬರುತ್ತದೆ. ಒಬ್ಬ ಗಿಡ್ಡ ಪೈಲ್ವಾನನಿದ್ದ. ತನ್ನ ಎರಡರಷ್ಟಿದ್ದವನನ್ನು ಕೆಡವಿ, ಇದು ಹೇಗಾಯಿತು ಎಂದು ತಾನೇ ಬೆರಗಾಗುತ್ತಿದ್ದ. ಇನ್ನೊಬ್ಬ ಗೆದ್ದಾಗ ಗಂಭೀರ, ಸೋತಾಗ ಹೊಟ್ಟೆ ಹಿಡಿದುಕೊಂಡು ನಗುವವ. ಆದರೆ ಕಾಕಾನಿಗೆ ಸರಿಜೋಡಿ ಗರಗ ಎಂಬ ಊರಿನ ಪೈಲ್ವಾನನೊಬ್ಬನೇ. ಅವರಿಬ್ಬರ ಕುಸ್ತಿ ಎಂದರೆ ಓಣಿಗೆ ಓಣಿಯೇ ಖಾಲಿಯಾಗುತ್ತಿತ್ತು.

ಅಂಥದೊಂದು ಕುಸ್ತಿಯ ದಿನ ಬೆಳಿಗ್ಗೆ, ಕಾಕಾ ಮರೆತುಹೋಗಿದ್ದ ಲಂಗೋಟಿ ಕೊಡಲು ಗರಡಿಗೆ ಓಡಿದೆ. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಕುಸ್ತಿ ಕಲಿಸುವ ಮುದುಕ ವಸ್ತಾದರು ಕುಳಿತಿದ್ದರು. ಅವರ ಒಂದು ಪಕ್ಕ ಕಾಕಾ, ಇನ್ನೊಂದು ಪಕ್ಕ ಗರಗದ ಪೈಲ್ವಾನ! ಅವನು ತಂಬಿಗೆ ಎತ್ತಿ ಅರ್ಧ ಹಾಲು ಕುಡಿದು ಕಾಕಾನ ಕೈಗೆ ಕೊಟ್ಟ. ಕಾಕಾ ಹಿಂದೆಮುಂದೆ ನೋಡದೆ ಗಟಗಟ ಕುಡಿದುಬಿಟ್ಟ.

ಲಂಗೋಟಿಯನ್ನು ಹೊಸ್ತಿಲ ಮೇಲಿಟ್ಟು ಮನೆಗೆ ಓಡಿಬಂದೆ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ, ಇಂದಿನದು ಖೊಟ್ಟಿ, ಅಂದರೆ ಸುಳ್ಳು ಕುಸ್ತಿ ಎಂದು ಅಕ್ಕನ ಕಿವಿಯಲ್ಲಿ ಊದಿದೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ಬಾಯಿ ಮುಚಗೊಂಡ ಇರು" ಎಂದಳು ಅಕ್ಕ.

ಸಂಜೆ ಕಣದಲ್ಲಿ ಹಲಗೆ ಬಾರಿಸುವ ಸದ್ದಿಗೆ ನೆಲ ನಡುಗುತ್ತಿತ್ತು. ಅರ್ಧ ತಾಸು ಕಳೆದರೂ ಯಾರೂ ಬೀಳಲಿಲ್ಲ. ಎಲ್ಲರೂ ಪಟ್ಟು ನೋಡುತ್ತಿದ್ದರೆ ನಾನು ಮೋಸ ಹುಡುಕುತ್ತಿದ್ದೆ. ಸಿಕ್ಕೇಬಿಟ್ಟಿತು! ಗರಗದವನ ಕೈ ಕಾಕಾನ ಎಡಭುಜದವರೆಗೆ ಹೋಗುತ್ತಿತ್ತು, ಹಿಡಿಯದೆ ಹಿಂದೆ ಬರುತ್ತಿತ್ತು. ಒಮ್ಮೆಯಲ್ಲ, ಮೂರು ಸಲ. ನನಗೆ ತಡೆಯಲಾಗಲಿಲ್ಲ.

"ಖೊಟ್ಟಿ ಕುಸ್ತಿ! ಮುಂಜಾನೆ ಇಬ್ರೂ ಕೂಡಿ ಕುಂತಿದ್ರು, ನಾ ನೋಡೇನಿ!" ಎಂದು ಒದರಿದೆ.

ಪಕ್ಕದವರು ದನಿಗೂಡಿಸಿದರು. ಗಳಿಗೆಯಲ್ಲಿ ನೆರೆದ ಜನವೆಲ್ಲ "ಖೊಟ್ಟಿ! ಖೊಟ್ಟಿ!" ಎಂದು ಕೂಗತೊಡಗಿತು. ಕಾಕಾ ಒಮ್ಮೆ ನಮ್ಮ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು. ಅಲ್ಲಿಯವರೆಗೆ ಹಿಂದೆ ಹಿಡಿದಿದ್ದ ಎಡಗೈಯನ್ನು ಮುಂದೆ ಹಾಕಿ ಎದುರಾಳಿಯನ್ನು ಎತ್ತಲು ಹೋದ. ಭುಜ ಲಟಕ್ಕೆಂದಿತು. ಕಾಕಾ ಮಣ್ಣಿಗೆ ಬೆನ್ನು ಕೊಟ್ಟು ಬಿದ್ದ.

ಗೆದ್ದವನು ಕುಣಿಯಲಿಲ್ಲ. "ಎಡಗೈ ಮುಟ್ಟಬ್ಯಾಡ್ರೀ! ಭುಜದಾಗ ಮೊದಲಿಂದ ನೋವಿತ್ತು ಅಂವಗ" ಎಂದು ಚೀರಿದ. ಪಂಚರು ತನ್ನ ತಲೆಗೆ ಸುತ್ತಿದ ಗೆಲುವಿನ ರುಮಾಲನ್ನು ಅವನು ಅಲ್ಲೇ ಬಿಚ್ಚಿ, ಅದರಿಂದ ಕಾಕಾನ ಕೈಯನ್ನು ಕೊರಳಿಗೆ ಕಟ್ಟಿದ.

ಅಂದು ಮನೆಗೆ ಬಂದ ವಸ್ತಾದರು ಅಪ್ಪನಿಗೆ ಎಲ್ಲ ಹೇಳಿದರು. "ಇಬ್ರೂ ನನ್ನ ಕೈಯಾಗ ಕಲತವರಪಾ. ನನ್ನ ಹುಡುಗರು ಎದುರಾಬದುರ ನಿಂತ್ರ, ಮುಂಜಾನೆ ಒಂದ ತಂಬಿಗಿ ಹಾಲು ಕುಡಿಸಿ ಆಣಿ ಮಾಡಸ್ತೇನಿ. ಗೆಲ್ಲಾಕ ಜೀವಾ ಹಾಕಿ ಆಡ್ರಿ, ಆದ್ರ ಒಬ್ಬರ ಕೈಕಾಲು ಇನ್ನೊಬ್ಬರು ಮುರೀಬಾರದು."

"ಯಾವನಂವ ಒದರಿದಾಂವ?" ಅಪ್ಪ ಹಲ್ಲು ಕಡಿದ. ನಾನು ಅಕ್ಕನ ಹಿಂದೆ ನಿಂತಿದ್ದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

"ಸಣ್ಣ ಹುಡುಗನ ದನಿ ಇತ್ತು. ಯಾರದಂತ ತಿಳೀಲಿಲ್ಲ. ಬಿಡು ಅಣ್ಣಾ" ಎಂದ ಕಾಕಾ. ನನ್ನ ಕಡೆ ನೋಡಲಿಲ್ಲ.

ಮರುದಿನ ಅವ್ವ ಹಾಲು ತಂದಾಗ ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಕಾಕಾ ಬಲಗೈಯಲ್ಲಿ ತಂಬಿಗೆ ತೆಗೆದುಕೊಂಡು ತಾನೇ ಮೊದಲು ಅರ್ಧ ಕುಡಿದ. ಉಳಿದದ್ದನ್ನು ನನ್ನ ಮುಂದೆ ಹಿಡಿದು, "ಕುಡಿ ತಮ್ಮಾ" ಎಂದ. ನಾನು ತಂಬಿಗೆಯನ್ನು ತುಟಿಗೆ ತಾಕಿಸಿ ಕೆಳಗಿಟ್ಟೆ.

ಮಕ್ಕಳೇ, ನಿಮ್ಮ ಕಾಲದಲ್ಲಿ ಟಿವಿ ಒಂದೇ ಚೆಂಡನ್ನು ನಾಲ್ಕು ಕಡೆಯಿಂದ, ನಿಧಾನವಾಗಿ, ಮತ್ತೆ ಮತ್ತೆ ತೋರಿಸುತ್ತದೆ. ಆದರೂ ಮೊನ್ನೆ ನಮ್ಮವನೊಬ್ಬ ಕ್ಯಾಚ್ ಬಿಟ್ಟಾಗ ನೀವು "ಫಿಕ್ಸಿಂಗ್ ಅಜ್ಜಾ, ಫಿಕ್ಸಿಂಗ್!" ಎಂದು ಕುಣಿದಿರಿ. ನಾನು ಸಿಡಿಮಿಡಿಗೊಂಡು ಟಿವಿ ಬಂದ್ ಮಾಡಿದೆ. ಆ ಸಿಟ್ಟು ನಿಮ್ಮ ಮೇಲಿನದಲ್ಲ. ಕಾಕಾ ಮತ್ತೆಂದೂ ಕಣಕ್ಕಿಳಿಯಲಿಲ್ಲ. ತೀರಿಕೊಳ್ಳುವವರೆಗೂ ಅವನ ಎಡಗೈ ಭುಜದಿಂದ ಮೇಲೆ ಏಳಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ, ಒದರಿದವನು ನಾನೇ ಎಂದು ಅವನಿಗೆ ಹೇಳಲಾಗಲಿಲ್ಲ. ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು, ನಿಮ್ಮ ಮುಂದೆ.