ಹೆಗ್ಗಣನ ಜಾಕೆಟ್ಟು

ಲಂಡನ್ನಿನ ಕ್ಯಾಮ್ಡನ್ ಕಾಲುವೆಯ ಆಚೀಚೆ ಹೆಗ್ಗಣ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಮೈಮೇಲಿನ ಬಟ್ಟೆ ತಾನೇ ಹರಿದುಕೊಂಡು ಲೋಕಕ್ಕೆ ಸೆಡ್ಡು ಹೊಡೆಯುವ ಪಂಕ್ ಹುಡುಗನಾಗಿದ್ದಾಗ ಅವನು ತಾನೇ ಇಟ್ಟುಕೊಂಡ ಹೆಸರದು. ಈಗ ಅರವತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಆದರೂ ಉಳಿದಿರುವ ನಾಲ್ಕು ಕೂದಲಿಗೆ ಸೋಪು ಮೆತ್ತಿ ಹುಂಜದ ಜುಟ್ಟಿನಂತೆ ನಿಲ್ಲಿಸದೆ ಹಾಲು ತರಲೂ ಹೊರಡುವುದಿಲ್ಲ. ದೊಡ್ಡ ಅಂಗಡಿಗಳಲ್ಲಿ ಹರಿದೇ ಮಾರುವ ಹೊಸ ಪ್ಯಾಂಟು ಕಂಡರೆ ಅವನಿಗೆ ಮೈಯೆಲ್ಲ ಉರಿ. “ಹರ್ಕೊಳ್ಳೋದಕ್ಕೂ ಆಳು ಬೇಕೇನ್ರೋ ನಿಮಗೆ?” ಎಂದು ಬಾಗಿಲಲ್ಲೇ ನಿಂತು ಕೂಗುತ್ತಾನೆ. ಪ್ರವಾಸಿಗರು ಫೋಟೊ ಕೇಳಿದರೆ ಬಾಯಿಗೆ ಬಂದಂತೆ ಬೈಯುತ್ತಾನೆ, ಬೈದು ಮುಗಿಸಿ ಬೆಳಕಿನ ಕಡೆ ಮುಖ ತಿರುಗಿಸಿ ನಿಲ್ಲುತ್ತಾನೆ. ಇಂಥವನು ತನ್ನ ಚರ್ಮದ ಜಾಕೆಟ್ಟನ್ನು ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಹೆಸರು ಹಾಕಿದರೆ ವ್ಯವಸ್ಥೆಗೆ ಮಾರಿಕೊಂಡಂತೆ ಎಂದು ಹಟ ಹಿಡಿದದ್ದರಿಂದ ಗಾಜಿನ ಪೆಟ್ಟಿಗೆಯ ಮೇಲೆ ‘ಅನಾಮಿಕ ಬಂಡಾಯಗಾರ’ ಎಂದು ಬರೆದಿದ್ದಾರೆ. ಪ್ರತಿ ಬುಧವಾರ ಹೋಗಿ ಅಲ್ಲಿನ ಕಾವಲಿನ ಗ್ಲೆನಿಸ್‌ಳ ತಲೆ ತಿನ್ನುತ್ತಾನೆ: “ಜಿಪ್ಪು ಕತ್ತಿನ ತನಕ ಎಳೆದಿದೀರಿ ತಾನೇ?” ಗ್ಲೆನಿಸ್ ನಗುತ್ತಾಳೆ. “ಎಳೆದಿದೀವಿ ಕಣಯ್ಯ, ಯಾರಿಗೂ ಕಾಣಲ್ಲ ಹೋಗು.” ಕಾಣಬಾರದ್ದು ಕಾಲರಿನ ಒಳಗಿದೆ: ಶಾಲೆಯ ಸ್ವೆಟರುಗಳಿಗೆ ಹೊಲಿಯುತ್ತಿದ್ದಂತೆಯೇ, ಎಲ್ಲಾದರೂ ಕಳೆದುಹೋದೀತೆಂದು ಅವನ ಅಮ್ಮ ಹೊಲಿದಿಟ್ಟ ಹೆಸರಿನ ಬಿಳಿ ಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ‘ಕ್ಲೈವ್ ಬಟರ್‌ವರ್ತ್’. ಜಾಕೆಟ್ಟಿನ ಮೈಯನ್ನೆಲ್ಲ ಸಿಗಿದು ಹಾಕಿದ ಹೆಗ್ಗಣನ ಬ್ಲೇಡು ಆ ಪಟ್ಟಿಯ ಹತ್ತಿರ ಮಾತ್ರ ಒಂದು ದಿನವೂ ಸುಳಿದಿರಲಿಲ್ಲ.