ಚುಕ್ಕೆ ಮೇಷ್ಟ್ರ ಬಿಳಿ ಪರದೆ

ಮಾರುಕಟ್ಟೆ ಕಟ್ಟಡದ ಎರಡನೆಯ ಮಹಡಿಯಲ್ಲಿ, ಮೆಟ್ಟಿಲುಗಳ ಓರೆ ಸೂರಿನಡಿ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಂಥ ಒಂದು ಅಂಗಡಿಯಿತ್ತು. ಅಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಚುಕ್ಕೆ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಫೋನು, ಲ್ಯಾಪ್‌ಟಾಪುಗಳ ಪರದೆ ರಿಪೇರಿ ಅವರ ಕೆಲಸ. ರಿಪೇರಿ ಮುಗಿದ ಮೇಲೆ ಪರದೆಯ ತುಂಬ ಬರೀ ಬಿಳಿ ಬಣ್ಣ ಬರುವಂತೆ ಮಾಡಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡುತ್ತ ಹೋಗುತ್ತಿದ್ದರು. ಸೂಜಿಮೊನೆಯಷ್ಟು ಒಂದು ಚುಕ್ಕೆ ಸತ್ತಿದ್ದರೂ ಅವರ ಕಣ್ಣು ತಪ್ಪಿಸುವಂತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಎದುರಿನ ಕಟ್ಟೆಯ ಮೇಲೆ ಫೋನಿನ ಕವರು ಹರಡಿಕೊಂಡು ಮಾರುತ್ತಿದ್ದವನು ಅವರ ಹೆಂಡತಿಯ ತಮ್ಮ. ಬಾಯಿಗೆ ಬಿಡುವಿಲ್ಲದವನು. "ನಮ್ಮ ಭಾವನಿಗೆ ಹುಣ್ಣಿಮೆ ಚಂದ್ರನ್ನ ತೋರಿಸಿದ್ರೂ, ಕಲೆ ಇದೆ, ಪ್ಯಾನೆಲ್ ಬದಲಿಸಬೇಕು ಅಂತಾರೆ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಮೇಷ್ಟ್ರೂ ಮೀಸೆಯೊಳಗೇ ನಗುತ್ತಿದ್ದರು.

ಅವರಿಗೆ ರಿಪೇರಿಗಿಂತ ವಿವರಿಸಿ ಹೇಳುವುದೇ ಹೆಚ್ಚು ಇಷ್ಟ. ಪರದೆ ತಾನಾಗಿ ಬೆಳಗುವುದಿಲ್ಲ, ಹಿಂದೆ ಒಂದು ದೀಪವಿರುತ್ತದೆ, ಮುಂದೆ ಲಕ್ಷಾಂತರ ಸಣ್ಣ ಕಿಟಕಿಗಳು ತೆರೆದು ಮುಚ್ಚುತ್ತಿರುತ್ತವೆ ಎನ್ನುತ್ತಿದ್ದರು. ಪರದೆ ಕಪ್ಪಾಯಿತೆಂದು ಯಾರಾದರೂ ಅಳುಮುಖ ಮಾಡಿಕೊಂಡು ಬಂದರೆ ಓರೆಯಾಗಿ ಟಾರ್ಚು ಬಿಟ್ಟು, ಮಸುಕಾಗಿ ಉಳಿದಿದ್ದ ಚಿತ್ರವನ್ನು ತೋರಿಸುತ್ತಿದ್ದರು. "ನೋಡಿ, ಎಲ್ಲ ಇದೆ. ದೀಪ ಮಾತ್ರ ಆರಿದೆ." ಮುಚ್ಚಳ ತೆರೆಯುವಾಗ ಪರದೆ ಮಿಣುಕಿದರೆ ಕೀಲಿನೊಳಗಿನ ಕೇಬಲ್ಲು ಸವೆದಿದೆ, ಬಿದ್ದ ಫೋನಿನಲ್ಲಿ ಮಸಿ ಹರಡಿದಂತೆ ಕಂಡರೆ ಒಳಗಿನ ದ್ರವ ಸೋರಿದೆ. ಎಲ್ಲಕ್ಕಿಂತ ಮೇಲೆ ಅವರದೊಂದು ನಿಯಮವಿತ್ತು. ಲ್ಯಾಪ್‌ಟಾಪಿನಲ್ಲಿ ಕಲೆ ಕಂಡರೆ ಅದನ್ನು ಟಿವಿಗೆ ಜೋಡಿಸಿ ನೋಡಬೇಕು. ಟಿವಿಯಲ್ಲಿ ಕಲೆ ಇಲ್ಲದಿದ್ದರೆ ಪರದೆಯ ದೋಷ, ಪ್ಯಾನೆಲ್ ಬದಲಿಸಬೇಕು. ಅಲ್ಲೂ ಕಂಡರೆ ಒಳಗಿನ ಬೋರ್ಡಿನ ದೋಷ. ಇಪ್ಪತ್ತೆರಡು ವರ್ಷಗಳಲ್ಲಿ ಈ ನಿಯಮ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಒಂದು ದಿನ ಟೈಪಿಂಗ್ ಮೇಡಂ ಬಂದರು. ವಕೀಲರು ಕೈಯಲ್ಲಿ ಬರೆದು ಕೊಟ್ಟ ಕಾಗದಗಳನ್ನು ಮನೆಯಲ್ಲೇ ಕೂತು ಟೈಪು ಮಾಡಿಕೊಡುತ್ತಿದ್ದ ಹೆಂಗಸು ಆಕೆ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲ. ತಾಯಿಯ ಮಂಚದ ಕಾಲಬಳಿ ಲ್ಯಾಪ್‌ಟಾಪು ಇಟ್ಟುಕೊಂಡು, ಒಂದು ಕಿವಿಯನ್ನು ಆ ಕಡೆಗೇ ಕೊಟ್ಟು ಕೆಲಸ ಮಾಡುತ್ತಿದ್ದರು. ಆ ಲ್ಯಾಪ್‌ಟಾಪು ಈಗ ಮಿಣುಕುತ್ತಿತ್ತು. ಕೀಲಿನ ಸಂದಿಗೆ ಕಾಗದ ಮಡಿಚಿ ಸಿಕ್ಕಿಸಿ, ಒಂದೇ ಕೋನದಲ್ಲಿ ನಿಲ್ಲಿಸಿಕೊಂಡು ಎರಡು ತಿಂಗಳು ದೂಡಿದ್ದರು.

ಮೇಷ್ಟ್ರು ಕೇಬಲ್ಲು ಬದಲಿಸಿದರು. ಮಿಣುಕು ನಿಂತಿತು. ಅಭ್ಯಾಸದಂತೆ ಬಿಳಿ ಪರದೆ ಹಾಕಿ ಎಡಗಣ್ಣು ಮುಚ್ಚಿದರು. ನಟ್ಟನಡುವೆ ಹೆಬ್ಬೆಟ್ಟು ಒತ್ತಿದಂಥ ಒಂದು ಬೂದು ಕಲೆ. ಬಟ್ಟೆಯಿಂದ ಒರೆಸಿದರು. ಹೋಗಲಿಲ್ಲ. ಟಿವಿಗೆ ಜೋಡಿಸಿ, ಮತ್ತೆ ಎಡಗಣ್ಣು ಮುಚ್ಚಿ ನೋಡಿದರು. ಅಲ್ಲೂ ಇತ್ತು. ಅದೂ ಇದ್ದಲ್ಲಿ ಇರದೆ ಸರಿದಾಡುತ್ತಿತ್ತು. ಪರದೆಯ ಕಲೆಯಾದರೆ ಕೂತಲ್ಲೇ ಕೂರುತ್ತದೆ, ಓಡಾಡುವ ಕಲೆ ಬೋರ್ಡಿನದೇ ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿದರು.

ಬೋರ್ಡು ಹೋಗಿದೆ ಎಂದಾಗ ಮೇಡಂ ನಂಬಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನನಗೇನೂ ಕಾಣ್ತಿಲ್ವಲ್ಲ ಸರ್."

"ನಿಮಗೆ ಕಾಣಲ್ಲ ಮೇಡಂ. ಈ ಕಣ್ಣು ಬರೋಕೆ ನನಗೇ ಇಪ್ಪತ್ತೆರಡು ವರ್ಷ ಹಿಡೀತು."

ಜಂಬಕ್ಕೆ ಹೇಳಿದ್ದಲ್ಲ. ಆಕೆಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಇಂಥ ಬೋರ್ಡು ಯಾವ ಗಳಿಗೆಯಲ್ಲಾದರೂ ಕಣ್ಮುಚ್ಚಬಹುದು, ಜನರ ಕೋರ್ಟು ಕಾಗದಗಳನ್ನು ಅದರಲ್ಲಿ ಇಟ್ಟುಕೊಳ್ಳಬೇಡಿ ಎಂದು ಬಿಡಿಸಿ ಹೇಳಿದರು. ಹೊಸ ಬೋರ್ಡಿನ ಬೆಲೆ ಆಕೆಯ ಕೈಗೆಟುಕುವಂತಿರಲಿಲ್ಲ. ಮೇಡಂ ತಮ್ಮ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡರು. ಸ್ವಲ್ಪ ಹೊತ್ತು ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ನಿಂತು, "ಇದನ್ನ ನೀವೇ ಇಟ್ಕೊಳ್ಳಿ ಸರ್. ಬೇರೆ ಯಾರಿಗಾದ್ರೂ ಆಗಲಿ" ಎಂದು ಮೆಟ್ಟಿಲಿಳಿದು ಹೋದರು.

ಅದು ಬೇರೆಯವರಿಗೇ ಆಯಿತು. ಪರದೆಯನ್ನು ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೂ ಕೀಲಿಮಣೆಯನ್ನು ಇನ್ನೊಬ್ಬರದಕ್ಕೂ ಹಾಕಿದರು. ಕೆಟ್ಟದ್ದೆಂದುಕೊಂಡ ಬೋರ್ಡು ಗುಜರಿ ಚೀಲ ಸೇರಿತು.

ಹನ್ನೊಂದನೆಯ ದಿನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಅದೇ ಕಲೆ ಕಂಡಿತು. ಮರುದಿನ ಮತ್ತೊಂದರಲ್ಲೂ. ಮೇಷ್ಟ್ರು ಮೊದಲು ಟಿವಿಯನ್ನು ಬೈದರು, ಆಮೇಲೆ ವೈರನ್ನು, ಆಮೇಲೆ ಕಟ್ಟಡದ ಕರೆಂಟನ್ನು. ಕೊನೆಗೆ ಭಾಮೈದನನ್ನು ಕೂಗಿ ಕರೆದು ಬೆರಳಿಟ್ಟು ತೋರಿಸಿದರು.

ಅವನು ನೋಡಿದ. ತನ್ನ ಫೋನಿನಲ್ಲಿ ಆ ಬಿಳಿ ಪರದೆಯ ಫೋಟೋ ತೆಗೆದ. "ಇದರಲ್ಲೂ ಇಲ್ಲ ಭಾವ. ಹಾಲು ಸುರಿದ ಹಾಗಿದೆ" ಎಂದು ಫೋನು ಮುಂದೆ ಹಿಡಿದ. ಮೇಷ್ಟ್ರಿಗೆ ಫೋಟೋದಲ್ಲೂ ಕಲೆ ಕಂಡಿತು.

"ಅದಿರಲಿ, ಯಾವಾಗ ನೋಡಿದ್ರೂ ಒಂದು ಕಣ್ಣು ಮುಚ್ಕೊಂಡೇ ನೋಡ್ತೀರಲ್ಲ. ಎರಡೂ ಬಿಟ್ಟು ನೋಡಿ."

ಮೇಷ್ಟ್ರು ಎಡಗಣ್ಣು ತೆರೆದರು. ಕಲೆ ತೆಳ್ಳಗಾಯಿತು. ಮುಚ್ಚಿದರು, ದಟ್ಟವಾಯಿತು. ತಲೆಯೆತ್ತಿ ಸುಣ್ಣದ ಗೋಡೆಯನ್ನು ನೋಡಿದರು. ಗೋಡೆಯ ನಡುವೆಯೂ ಅದೇ ಹೆಬ್ಬೆಟ್ಟಿನ ಗುರುತು. ಅವರಿಗೆ ಮೊದಲು ನೆನಪಾದದ್ದು ಕಣ್ಣಲ್ಲ, ಗುಜರಿ ಚೀಲ. ಅದನ್ನು ಗುಜರಿಯವರು ಹೋದ ವಾರವೇ ಒಯ್ದಿದ್ದರು.

ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾಗದ ಹಿಡಿದು ತೋರಿಸಿದರು. ನಡುವಿನ ಗೆರೆಗಳು ಬಾಗಿ ಕಂಡವು, ಒಂದು ಚೌಕ ಇರಲೇ ಇಲ್ಲ. ಪರದೆಗಳಲ್ಲಿ ಇಂಥದ್ದನ್ನು ಮೇಷ್ಟ್ರು ದಿನಕ್ಕೆ ಹತ್ತು ನೋಡಿದ್ದರು. "ಡಾಕ್ಟ್ರೇ, ಇದು ಕೇಬಲ್ಲಾ, ಪ್ಯಾನೆಲ್ಲಾ?" ಎಂದು ಕೇಳಿಬಿಟ್ಟರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ ನಡುವಿನಿಂದ ಒಣಗುತ್ತಿದೆ ಎಂದರು.

"ಹಾಗಾದ್ರೆ ಪ್ಯಾನೆಲ್ಲು. ಬದಲಿಸೋಕೆ ಆಗಲ್ವಾ?"

ಆಗುವುದಿಲ್ಲ ಎಂದರು ಡಾಕ್ಟರು. ಎಡಗಣ್ಣಿನಲ್ಲೂ ಶುರುವಾಗಿದೆ, ಅಂಚುಗಳು ಉಳಿಯುತ್ತವೆ, ನಡುವಿನದು ಹೋಗುತ್ತದೆ, ಇನ್ನು ಮೇಲೆ ನೋಡಬೇಕಾದ್ದನ್ನು ಸ್ವಲ್ಪ ಓರೆಯಾಗಿ ನೋಡುವುದನ್ನು ಕಲಿಯಿರಿ ಎಂದರು.

ಮೇಡಂ ಅವರ ಫೋನ್ ನಂಬರು ರಸೀದಿ ಪುಸ್ತಕದಲ್ಲಿತ್ತು. ಮೇಷ್ಟ್ರು ಅದನ್ನು ಎಷ್ಟೋ ಸಲ ಒತ್ತಿದರು, ಕೊನೆಯ ಅಂಕೆಗೆ ಬಂದು ಅಳಿಸಿದರು. ಏನೆಂದು ಹೇಳುವುದು? ಒಬ್ಬ ವಕೀಲರ ಗುಮಾಸ್ತ ಫೋನಿಗೆ ಗಾಜು ಅಂಟಿಸಿಕೊಳ್ಳಲು ಬಂದಾಗ ಸುದ್ದಿ ಸಿಕ್ಕಿತು. ಆಕೆ ಈಗ ಒಂದು ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಕೆಲಸ ಮಾಡುತ್ತಾರಂತೆ. ತಾಯಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಬರುತ್ತಾರಂತೆ.

ಒಂದೂವರೆ ವರ್ಷ ಕಳೆಯಿತು. ಭೂತಗನ್ನಡಿ ಡಬ್ಬಿ ಸೇರಿತು. ಮೇಷ್ಟ್ರು ಫೋನಿಗೆ ಗಾಜು ಅಂಟಿಸುವುದಷ್ಟನ್ನೇ, ಅಂಚನ್ನು ಬೆರಳಿನಿಂದ ಸವರಿ ಮಾಡುತ್ತಿದ್ದರು. ಅದರಲ್ಲೂ ಒಳಗೆ ಗಾಳಿಗುಳ್ಳೆ ನಿಲ್ಲುತ್ತಿತ್ತು. ಗುಳ್ಳೆ ನಿಂತದ್ದನ್ನು ಭಾಮೈದ ಸದ್ದಿಲ್ಲದೆ ತಾನೇ ತೆಗೆದು ಅಂಟಿಸಿ ಕೊಡುತ್ತಿದ್ದ. ಚಂದ್ರನ ಜೋಕನ್ನು ಅವನು ಯಾವಾಗಲೋ ಬಿಟ್ಟಿದ್ದ.

ಒಂದು ಮಧ್ಯಾಹ್ನ "ನಮಸ್ಕಾರ ಸರ್" ಎಂಬ ದನಿ ಕೇಳಿತು. ದನಿಯಿಂದಲೇ ಗುರುತು ಹತ್ತಿತು. ಮೇಡಂ ಒಂದು ಫೋನನ್ನು ಮೇಜಿನ ಮೇಲಿಟ್ಟರು. ತಾಯಿಯ ಕೈಗೆ ಕೊಟ್ಟು ಬರುತ್ತಿದ್ದ ಫೋನು ಅದು. ಮಂಚದಿಂದ ಬಿದ್ದು ಒಂದು ಮೂಲೆಯಿಂದ ಮಸಿ ಹರಡುತ್ತಿದೆ, ಮಗಳ ಹೆಸರು ಎಲ್ಲಿದೆಯೆಂದು ಅಮ್ಮನಿಗೆ ಕಾಣದೆ ಕರೆ ಮಾಡಲು ಆಗುತ್ತಿಲ್ಲ ಎಂದರು. "ನೀವಾದ್ರೆ ಸರಿಯಾಗಿ ನೋಡಿ ಹೇಳ್ತೀರಿ ಅಂತ ಇಲ್ಲಿಗೇ ಬಂದೆ."

ಕೆಳಗಿನ ಮಹಡಿಯಲ್ಲಿ ಒಬ್ಬ ಒಳ್ಳೆಯ ಕೆಲಸಗಾರನಿದ್ದಾನೆ, ಅವನಿಗೆ ಕೊಡಿ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಮೇಷ್ಟ್ರು ಅದನ್ನೇ ಹೇಳಿದರು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ.

"ಮೇಡಂ, ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಕಲೆ ಇದ್ದಿದ್ದು ನನ್ನ ಕಣ್ಣಲ್ಲಿ."

ಕಾರಿಡಾರಿನಲ್ಲಿ ಯಾರೋ ಷಟರು ಎಳೆದರು.

"ನನಗೆ ಕಾಣ್ತಿಲ್ಲ ಅಂತ ಅವತ್ತೇ ಹೇಳಿದ್ದೆ ಸರ್."

"ಹೌದು. ಹೇಳಿದ್ರಿ."

"ಈಗ ಅದೆಲ್ಲಿದೆ?"

"ಇಲ್ಲ ಮೇಡಂ. ಬಿಚ್ಚಿಬಿಟ್ಟೆ."

ಮೇಷ್ಟ್ರು ತಲೆಯೆತ್ತಿ ಆಕೆಯ ಮುಖ ನೋಡಿದರು. ಭುಜದ ಮೇಲಿನ ಚೀಲದ ಪಟ್ಟಿ ಸ್ಪಷ್ಟವಾಗಿತ್ತು, ಕಿವಿಯ ಅಂಚು, ನೆತ್ತಿಯ ಬಿಳಿಗೂದಲು ಸ್ಪಷ್ಟವಾಗಿದ್ದವು. ಮುಖ ಇರಬೇಕಾದಲ್ಲಿ ಮಾತ್ರ ಬೂದು ಬಣ್ಣ. ಡಾಕ್ಟರು ಹೇಳಿಕೊಟ್ಟಂತೆ ನೋಟವನ್ನು ಓರೆ ಮಾಡುವಷ್ಟರಲ್ಲಿ ಆಕೆ ಫೋನು ಎತ್ತಿಕೊಳ್ಳಲು ಬಗ್ಗಿಯಾಗಿತ್ತು. ಚಪ್ಪಲಿಯ ಸದ್ದು ಮೆಟ್ಟಿಲ ಕಡೆಗೆ ಹೋಯಿತು, ಅವಸರವೂ ಇಲ್ಲದೆ, ತಡವರಿಕೆಯೂ ಇಲ್ಲದೆ.

"ಅವರ ಮುಖ ಹೇಗಿತ್ತು?" ಎಂದು ಮೇಷ್ಟ್ರು ಭಾಮೈದನನ್ನು ಕೇಳಿದರು.

"ನಾನು ಆ ಕಡೆ ನೋಡಲಿಲ್ಲ ಭಾವ" ಎಂದ ಅವನು, ಜೋಡಿಸಿಯೇ ಇದ್ದ ಕವರುಗಳನ್ನು ಮತ್ತೆ ಜೋಡಿಸುತ್ತ. ಅವನ ಕಟ್ಟೆಯ ಮುಂದೆ ಆಗ ಒಬ್ಬ ಗಿರಾಕಿಯೂ ಇರಲಿಲ್ಲ.