ಅಜ್ಜಿಯ ಒಗಟುಗಳು ಮತ್ತೆ ತೆರೆದ ದಿನ

ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವರು ಪರದೆಯನ್ನು ನನ್ನತ್ತ ತಿರುಗಿಸಿದರು. “ಅಕ್ಕಾ, ಮನೇಲಿ ಕನ್ನಡಾನೇ ಮಾತಾಡ್ತೀವಿ, ಎಳುತ್ತು, ಅದೇ ಅಕ್ಷರ, ಮಾತ್ರ ಓದಕ್ಕೆ ಬರಲ್ಲ. ಸರಿಯಾ ಬಂದದಾ ಅಂತ ನೀವೇ ಜೋರಾ ಓದಿ.”

ಅದು ನನ್ನ ಅಜ್ಜಿ ಹೇಳುತ್ತಿದ್ದ ಒಗಟುಗಳ ಇ-ಪುಸ್ತಕ. ಮೈಸೂರಿನಲ್ಲಿದ್ದಾಗ ನಾನೇ ಟೈಪ್ ಮಾಡಿ, ಚೆಂದ ಕಾಣುತ್ತದೆಂದು ಒಂದು ಕಂಪನಿಯ ತಂತ್ರಾಂಶದಲ್ಲಿ ಸಿದ್ಧಪಡಿಸಿದ್ದೆ. ಆಮೇಲೆ ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದೆ. ಎಂಥ ಬುದ್ಧಿಗೇಡಿ ನಾನು! ಅಜ್ಜಿ ತೀರಿಕೊಂಡರು, ಆ ಕಂಪನಿಯೂ ಬಾಗಿಲು ಹಾಕಿತು. ಕೊಯಮತ್ತೂರಿಗೆ ಬಂದು ಕೊಂಡ ಹೊಸ ಕಂಪ್ಯೂಟರಿನಲ್ಲಿ ಆ ತಂತ್ರಾಂಶವಿಲ್ಲದೆ ಪುಸ್ತಕ ತೆರೆಯಲೇ ಇಲ್ಲ. ಸಿ.ಡಿ. ಹಿಡಿದು ಅಂಗಡಿ ಅಂಗಡಿ ಅಲೆದೆ. ಕೊನೆಗೆ ಇವರು ಎರಡು ದಿನ ಹೆಣಗಿ, ಅದನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಸಾಮಾನ್ಯ ಮಾದರಿಗೆ ಬದಲಿಸಿದ್ದರು.

ಅಳುಕುತ್ತಲೇ ಮೊದಲ ಪುಟ ಓದಿದೆ: “ಹಗಲೆಲ್ಲ ಮೂಲೆಯಲ್ಲಿ ನಿಂತಿರ್ತಾನೆ, ರಾತ್ರಿ ಎಲ್ಲರಿಗಿಂತ ಮೊದಲು ಮಲಗ್ತಾನೆ. ಯಾರು?”

“ಚಾಪೆ!” ಎಂದು ಅವರು ಗಟ್ಟಿಯಾಗಿ ನಕ್ಕರು. “ನಮ್ಮೂರು ಕಾರಮಡೈಲಿ ನಮ್ಮಜ್ಜಿನೂ ಇದನ್ನೇ ಕೇಳ್ತಿದ್ರು ಅಕ್ಕಾ.”

ಮುಂದಿನ ಪುಟದಲ್ಲಿ ಅದೇ ಉತ್ತರವಿತ್ತು. ಪುಸ್ತಕದ ಒಂದು ಪ್ರತಿಯನ್ನು ಅವರ ಕಂಪ್ಯೂಟರಿನಲ್ಲೂ ಬಿಟ್ಟು ಬಂದೆ. ಓದಲು ಬಾರದವರಿಗೆ ಅದೇಕೆ ಎಂದು ಆಮೇಲೆ ನನ್ನ ಗೆಳತಿಯೊಬ್ಬಳು ಕೇಳಿದಳು. ಒಗಟುಗಳ ಉತ್ತರ ಗೊತ್ತಿರುವುದು ಅವರಿಗೇ ಅಲ್ಲವೇ ಎಂದೆ.